ಉಪ್ಪುನೀರಿನ ಟ್ಯಾಂಕಿನ ಕಲ್ಲಿನ ಮೇಲೆ ಹಸಿರು ಪಾಚಿ: ಟೆಸ್ಟಿನಲ್ಲಿ ಫಾಸ್ಫೇಟ್ ಇಲ್ಲ, ಮತ್ತೆ ಎಲ್ಲಿಂದ?

ಉಪ್ಪುನೀರು_ಉಡುಪಿ

ಎಲ್ಲರಿಗೂ ನಮಸ್ಕಾರ. 36×18×18 ಇಂಚಿನ ಟ್ಯಾಂಕ್, ಕೆಳಗೆ ಸಂಪ್ (ಫಿಲ್ಟರ್ ಇಡುವ ಇನ್ನೊಂದು ತೊಟ್ಟಿ), ಒಟ್ಟು ನೀರು ಸುಮಾರು 180 ಲೀಟರ್. ಶುರುವಾಗಿ ಏಳು ತಿಂಗಳು. ಕಲ್ಲು 18 ಕೆಜಿ ಉಂಟು, ಅದರಲ್ಲಿ ಅರ್ಧ ಹೊಸ ಒಣಕಲ್ಲು, ಉಳಿದರ್ಧ ಟ್ಯಾಂಕ್ ಮುಚ್ಚಿದವರೊಬ್ಬರಿಂದ ತಂದದ್ದು. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಐದು ಬಸವನಹುಳ, ಒಂದು ಕ್ಲೀನರ್ ಶ್ರಿಂಪ್, ನಾಲ್ಕೈದು ಮೆತ್ತನೆ ಹವಳ. ಗಾಳಿಗುಳ್ಳೆಯಿಂದ ಕೊಳೆ ತೆಗೆಯುವ ಸ್ಕಿಮ್ಮರ್ ದಿನವಿಡೀ ಓಡುತ್ತದೆ. ಎಲ್‌ಇಡಿ ದಿನಕ್ಕೆ 10 ಗಂಟೆ.

ಎರಡು ತಿಂಗಳಿಂದ ಕಲ್ಲಿನ ಮೇಲೆ ಕೂದಲಿನ ಹಾಗೆ ಹಸಿರು ಪಾಚಿ. ಕೆಲವು ಕಡೆ ಒಂದೂವರೆ ಇಂಚು ಉದ್ದ ಬೆಳೆದಿದೆ. ಮರಳಲ್ಲಿ ಇಲ್ಲ, ಗಾಜಿನಲ್ಲಿ ಸ್ವಲ್ಪ, ಕಲ್ಲಿನಲ್ಲೇ ಎಲ್ಲ. ನೀರಿನ ಲೆಕ್ಕ ಹೀಗಿದೆ: ಉಪ್ಪು 35 ಪಿಪಿಟಿ (ಸಾವಿರದಲ್ಲಿ 35 ಪಾಲು), ಉಷ್ಣತೆ 27ರಿಂದ 28 ಡಿಗ್ರಿ, ಆಲ್ಕಲಿನಿಟಿ 8 ಡಿಕೆಎಚ್, ನೈಟ್ರೇಟ್ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ). ಫಾಸ್ಫರಸ್ ಚೆಕ್ಕರಿನಲ್ಲಿ 7 ಪಿಪಿಬಿ (ಸಾವಿರ ಪಿಪಿಬಿ ಒಂದು ಪಿಪಿಎಂ), ಅಂದರೆ 3.066ರಿಂದ ಗುಣಿಸಿದರೆ ಫಾಸ್ಫೇಟ್ ಸುಮಾರು 0.02 ಪಿಪಿಎಂ. ಇಷ್ಟು ಕಡಿಮೆ ಇದ್ದೂ ಪಾಚಿ ಹೇಗೆ ಬೆಳೆಯುತ್ತದೆ? ಟ್ಯಾಂಕಿಗೆ ಫ್ಯಾನ್ ಇರುವುದರಿಂದ ದಿನಕ್ಕೆ ಮೂರು ಲೀಟರ್ ಆವಿಯಾಗುತ್ತದೆ. ಅದಕ್ಕೆ ಅಡುಗೆಮನೆಯ ಆರ್‌ಒ ನೀರು ಹಾಕುತ್ತೇನೆ, ಮೂಲ ಬಾವಿ ನೀರು. ಕಲ್ಲನ್ನೆಲ್ಲ ತೆಗೆದು ಬಿಸಿನೀರಲ್ಲಿ ತೊಳೆದು ಮತ್ತೆ ಇಟ್ಟರೆ ಆದೀತೇ?

ಪಡುಕರೆ

ಮೊದಲು ಕೊನೆಯ ಪ್ರಶ್ನೆಗೆ ಉತ್ತರ, ಯಾಕೆಂದರೆ ಅದು ಜೀವದ ವಿಷಯ. ಉಪ್ಪುನೀರಿನ ಕಲ್ಲಿಗೆ ಬಿಸಿನೀರು ಬೇಡವೇ ಬೇಡ. ಹಳೆಯ ಟ್ಯಾಂಕಿನ ಕಲ್ಲಿನ ಬಿರುಕಿನಲ್ಲಿ ಪ್ಯಾಲಿಥೋವ ಎಂಬ ಮೆತ್ತನೆ ಹವಳ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉಳಿದಿರಬಹುದು. ಅದರಲ್ಲಿರುವ ಪ್ಯಾಲಿಟಾಕ್ಸಿನ್ ಬಹಳ ಘೋರ ವಿಷ. ಕುದಿನೀರು ಸುರಿದಾಗ ಏಳುವ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ. ಕಲ್ಲು ಉಜ್ಜುವಾಗಲೂ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಈಗ ಪಾಚಿ. ಟೆಸ್ಟಿನಲ್ಲಿ 0.02 ಬಂದ ಮಾತ್ರಕ್ಕೆ ಫಾಸ್ಫೇಟ್ ಬರುತ್ತಿಲ್ಲ ಎಂದು ಅರ್ಥವಲ್ಲ. ಬಂದದ್ದನ್ನು ನೀವು ಅಳೆಯುವ ಮೊದಲೇ ಪಾಚಿ ಉಂಡು ಮುಗಿಸುತ್ತದೆ. ಒಂದೂವರೆ ಇಂಚಿನ ಪಾಚಿ ಎಂದರೆ ಎರಡು ತಿಂಗಳ ಫಾಸ್ಫೇಟೆಲ್ಲ ಅದರ ಹೊಟ್ಟೆಯಲ್ಲಿ ಉಂಟು. ಹಾಗಾಗಿ ಒಂದು ದಿನದ ಅಂಕಿ ಬಿಟ್ಟು, ದಿನಕ್ಕೆ ಎಷ್ಟು ಒಳಗೆ ಬರುತ್ತದೆ ಎಂದು ನೋಡಬೇಕು.

ನಿಮ್ಮಲ್ಲಿ ನನಗೆ ಮೊದಲು ಅನುಮಾನ ಬರುವುದು ಆ ಅಡುಗೆಮನೆಯ ಆರ್‌ಒ ಮೇಲೆ. ಕುಡಿಯುವ ನೀರಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ರುಚಿಗೆಂದು ಅದು ಸೋಸದ ನೀರನ್ನೇ ಸ್ವಲ್ಪ ಸೋಸಿದ ನೀರಿಗೆ ಬೆರೆಸುತ್ತದೆ. ಅದರ ನಂತರ ಮಿನರಲ್ ಕಾರ್ಟ್ರಿಜ್ ಬೇರೆ. ಕುಡಿಯಲಿಕ್ಕೆ ಒಳ್ಳೆಯದು, ಟ್ಯಾಂಕಿಗಲ್ಲ. ಲೆಕ್ಕ ಹಾಕಿ ನೋಡಿ: ದಿನಕ್ಕೆ 3 ಲೀಟರ್ ಎಂದರೆ ತಿಂಗಳಿಗೆ 90 ಲೀಟರ್, ನಿಮ್ಮ ಟ್ಯಾಂಕಿನ ಅರ್ಧ ನೀರು. ಆವಿಯಾಗಿ ಹೋಗುವುದು ಬರೀ ನೀರು, ಅದರಲ್ಲಿದ್ದದ್ದೆಲ್ಲ ಒಳಗೇ ಉಳಿಯುತ್ತದೆ. ಆ ನೀರಿನಲ್ಲಿ ನೈಟ್ರೇಟ್ 5 ಪಿಪಿಎಂ ಇದ್ದರೆ ತಿಂಗಳಿಗೆ 450 ಮಿಲಿಗ್ರಾಂ ಒಳಗೆ ಬಂತು. 180 ಲೀಟರಿಗೆ ಹಂಚಿದರೆ 2.5 ಪಿಪಿಎಂ, ಅದೂ ಮೀನಿಗೆ ಒಂದು ಚೂರೂ ಆಹಾರ ಹಾಕದೆ. ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ಫ್ಯಾನಿಗೆ ಕೆಲಸ ಜಾಸ್ತಿ, ಆವಿ ಜಾಸ್ತಿ, ತುಂಬುವ ನೀರೂ ಜಾಸ್ತಿ. ಸೆಕೆಗಾಲದಲ್ಲೇ ಪಾಚಿ ಏಳಲಿಕ್ಕೆ ಬೆಳಕಿನಷ್ಟೇ ಇದೂ ಕಾರಣ.

ಮೆಂಬ್ರೇನ್‌ನಿಂದ ಹೊರಬರುವ ಕಾಲಿಂಚು ಪೈಪಿಗೆ, ಕಂಟ್ರೋಲರಿಗೂ ಮಿನರಲ್ ಕಾರ್ಟ್ರಿಜಿಗೂ ಮೊದಲೇ, ಟೀ ಜಾಯಿಂಟ್ ಹಾಕಿ ಒಂದು ಡಿಐ ರೆಸಿನ್ (ಆರ್‌ಒ ದಾಟಿ ಬಂದ ಲವಣವನ್ನು ಹಿಡಿಯುವ ಹರಳು) ಕ್ಯಾನಿಸ್ಟರಿಗೆ ಕೊಡಿ. ಕ್ಯಾನಿಸ್ಟರ್ ನೆಟ್ಟಗೆ ನಿಂತಿರಲಿ, ನೀರು ಕೆಳಗಿನಿಂದ ಮೇಲಕ್ಕೆ ಹೋಗಲಿ. ಅಡ್ಡ ಮಲಗಿಸಿದರೆ ನೀರು ಮೇಲ್ಭಾಗದಲ್ಲೇ ದಾರಿ ಮಾಡಿಕೊಂಡು ಹೋಗುತ್ತದೆ, ಅರ್ಧ ರೆಸಿನ್ ದಂಡ. ಯಂತ್ರ ಶುರುವಾದ ಮೊದಲ ಎರಡು ಮೂರು ನಿಮಿಷದ ನೀರನ್ನು ಹೊರಗೆ ಬಿಡಿ, ಆಗ ಮೆಂಬ್ರೇನ್‌ನಿಂದ ಬರುವ ನೀರಿನ ಟಿಡಿಎಸ್ ಜಾಸ್ತಿ ಇರುತ್ತದೆ. ಡಿಐ ದಾಟಿದ ಮೇಲೆ ಮೀಟರ್ ಸೊನ್ನೆ ತೋರಿಸಬೇಕು. 1 ಅಥವಾ 2 ಬಂದ ದಿನ ರೆಸಿನ್ ಬದಲಿಸಿ.

ಮುರಕಲ್ಲಿನ (ಜಂಬಿಟ್ಟಿಗೆ) ಬಾವಿ ನೀರಿಗೆ ಇನ್ನೊಂದು ಗುಣ ಉಂಟು. ಅದು ಸಾಮಾನ್ಯವಾಗಿ ಆಮ್ಲೀಯ, ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚು. ಈ ಅನಿಲ ಮೆಂಬ್ರೇನನ್ನು ಸಲೀಸಾಗಿ ದಾಟಿ ಬಂದು ರೆಸಿನ್ನನ್ನು ವಾರಗಳಲ್ಲೇ ತಿಂದುಹಾಕುತ್ತದೆ. ಬಾವಿ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ ಒಂದು ರಾತ್ರಿ ಏರ್‌ಸ್ಟೋನ್ ಬಿಟ್ಟು ಮರುದಿನ ಆರ್‌ಒಗೆ ಕೊಟ್ಟರೆ ರೆಸಿನ್ ಎಷ್ಟೋ ಹೆಚ್ಚು ದಿನ ಬರುತ್ತದೆ. ಕೊನೆಯದಾಗಿ ಸಿಲಿಕಾ. ಅದನ್ನು ಟಿಡಿಎಸ್ ಮೀಟರ್ ಕಾಣುವುದೇ ಇಲ್ಲ, ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ನುಸುಳುವವುಗಳಲ್ಲಿ ಅದೂ ಒಂದು. ಸಿಲಿಕಾ ಬಳಸಿ ಬೆಳೆಯುವ ಡಯಾಟಂ ಎಂಬ ಪಾಚಿ ಗಾಜಿನ ಮೇಲೆ ಕಂದು ಪುಡಿಯ ಹಾಗೆ ಮತ್ತೆ ಮತ್ತೆ ಕೂತರೆ ರೆಸಿನ್ ನೋಡಿ.

ಕಲ್ಲುಹೂವು

ನೀರಿನ ಬಗ್ಗೆ ಪಡುಕರೆಯವರು ಹೇಳಿದ್ದು ಸರಿ. ಆದರೆ ಪಾಚಿ ಮರಳಲ್ಲಿಲ್ಲ, ಕಲ್ಲಿನಲ್ಲೇ ಎಲ್ಲ ಎಂದಿದ್ದೀರಿ. ಅರ್ಧ ಕಲ್ಲು ಹಳೆಯ ಟ್ಯಾಂಕಿನದ್ದು ಎಂದೂ ಹೇಳಿದ್ದೀರಿ. ನನಗೆ ಅಲ್ಲೇ ಗಂಟು ಕಾಣುತ್ತದೆ.

ಈ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಮೈಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಹೆಚ್ಚಿದ್ದಾಗ ಕಲ್ಲು ಹೀರುತ್ತದೆ, ಕಡಿಮೆಯಾದಾಗ ಬಿಡುತ್ತದೆ. ವರ್ಷಗಟ್ಟಲೆ ಹೊಟ್ಟೆತುಂಬ ಆಹಾರ ಬಿದ್ದ ಟ್ಯಾಂಕಿನ ಕಲ್ಲು ಫಾಸ್ಫೇಟಿನ ಉಗ್ರಾಣ. ಪಾಚಿ ಆ ಉಗ್ರಾಣದ ಬಾಗಿಲಲ್ಲೇ ಬೇರೂರಿ ಕೂತಿರುವಾಗ ನೀರಿನಲ್ಲಿ ಅಂಕಿ ಏರುವುದು ಹೇಗೆ?

ಪರೀಕ್ಷೆ ಸುಲಭ. ಹೊಸದಾಗಿ ಕಲಸಿದ ಉಪ್ಪುನೀರು 10 ಲೀಟರ್ ಬಕೆಟಿಗೆ ಹಾಕಿ, ಫಾಸ್ಫೇಟ್ ಅಳೆದು ಬರೆದಿಡಿ. ಪಾಚಿ ಉಜ್ಜಿ ತೆಗೆದ ಹಳೆಯ ಕಲ್ಲು ಒಂದನ್ನು ಅದರಲ್ಲಿಡಿ. ಸಣ್ಣ ಪಂಪು ಬಿಟ್ಟು, ಬಕೆಟಿಗೆ ಬೆಳಕು ಬೀಳದ ಹಾಗೆ ಮುಚ್ಚಿ ಮೂರು ದಿನ ಬಿಡಿ. ಮತ್ತೆ ಅಳೆಯಿರಿ. 0.1 ಪಿಪಿಎಂ ದಾಟಿದರೆ ಕಲ್ಲು ಬಿಡುತ್ತಿದೆ ಎಂದೇ ಲೆಕ್ಕ. ಹೊಸ ಕಲ್ಲಿಗೂ ಇದೇ ಪರೀಕ್ಷೆ ಮಾಡಿ, ಆಗ ಎರಡರ ವ್ಯತ್ಯಾಸ ಗೊತ್ತಾಗುತ್ತದೆ.

ಬಿಡುವ ಕಲ್ಲನ್ನು ಬೇರೆ ಡ್ರಮ್ಮಿನಲ್ಲಿ ಕತ್ತಲಲ್ಲಿಟ್ಟು ಬರಿದು ಮಾಡಬಹುದು. 35 ಪಿಪಿಟಿ ಉಪ್ಪುನೀರು, 26 ಡಿಗ್ರಿ, ಜೋರು ಪಂಪು, ವಾರಕ್ಕೊಮ್ಮೆ ನೀರು ಪೂರ್ತಿ ಬದಲು. ಆರರಿಂದ ಎಂಟು ವಾರ ಹಿಡಿಯುತ್ತದೆ. ಪಾಚಿ ಕತ್ತಲಿಗೆ ಸಾಯುತ್ತದೆ, ಬ್ಯಾಕ್ಟೀರಿಯಾ ಉಳಿಯುತ್ತದೆ. ಫಾಸ್ಫೇಟ್ ಹೀರುವ ಲ್ಯಾಂಥನಂ ದ್ರಾವಣವನ್ನು ಆ ಡ್ರಮ್ಮಿಗೆ ಹಾಕಿದರೆ ಬೇಗ ಆಗುತ್ತದೆ, ಮೀನಿರುವ ಟ್ಯಾಂಕಿಗೆ ಮಾತ್ರ ಅದನ್ನು ನೇರ ಸುರಿಯಬೇಡಿ, ಬೆಳ್ಳಗೆ ಉಂಟಾಗುವ ಹುಡಿ ಕಿವಿರಿಗೆ ಕೂರುತ್ತದೆ. ಒಂದೇ ಸಲ ಎಲ್ಲ ಹಳೆ ಕಲ್ಲನ್ನೂ ಹೊರಗೆ ತೆಗೆಯಬೇಡಿ. ಮೀನಿನ ಕೊಳೆಯನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ. ಮೂರು ಕೆಜಿಯ ಹಾಗೆ ಸರದಿಯಲ್ಲಿ ಮಾಡಿ.

ಡ್ರಮ್ಮಿಗೆ ಜಾಗ ಇಲ್ಲದಿದ್ದರೆ ಸಂಪಿನಲ್ಲಿ ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು) ಇಡಿ. ಪೊಟ್ಟಣದಲ್ಲಿ ಹೇಳಿದ್ದರ ಅರ್ಧದಿಂದ ಶುರು. ಕಲ್ಲು ಬಿಡುತ್ತಾ ಹೋಗುವುದರಿಂದ ಜಿಎಫ್‌ಒ ಮೊದಲ ಸಲ ಒಂದೆರಡು ವಾರಕ್ಕೇ ತುಂಬಿಬಿಡುತ್ತದೆ. ಹಾಳು ಸರಕು ಸಿಕ್ಕಿತೆಂದು ಅಂದುಕೊಳ್ಳಬೇಡಿ, ಕೆಲಸ ಮಾಡಿದ್ದರಿಂದಲೇ ತುಂಬಿದ್ದು.

ಪಾಚಿ ಕೀಳುವುದು ಹೇಗೆ ಎನ್ನುವುದರಲ್ಲೇ ತುಂಬ ಜನ ಎಡವುತ್ತಾರೆ. ಟ್ಯಾಂಕಿನೊಳಗೇ ಬ್ರಷ್ಷಿನಲ್ಲಿ ಉಜ್ಜಿದರೆ ತುಂಡೆಲ್ಲ ಹಾರಿ ಇನ್ನೊಂದು ಕಲ್ಲಿಗೆ ಕೂರುತ್ತದೆ, ಒಂದು ಕಡೆ ಇದ್ದದ್ದು ಹತ್ತು ಕಡೆ ಆಗುತ್ತದೆ. ತೆಗೆಯಲಿಕ್ಕೆ ಬರುವ ಕಲ್ಲನ್ನು ಹೊರಗೆ ತನ್ನಿ. ಟ್ಯಾಂಕಿನದ್ದೇ ನೀರು ಎರಡು ಬಕೆಟಿನಲ್ಲಿರಲಿ. ಮೊದಲನೆಯದರಲ್ಲಿ ಕೈಯಿಂದ ಬುಡಸಮೇತ ಕಿತ್ತು, ಗಟ್ಟಿ ನೈಲಾನ್ ಬ್ರಷ್ಷಿನಿಂದ ಉಜ್ಜಿ. ಎರಡನೆಯದರಲ್ಲಿ ಅದ್ದಿ ತೊಳೆದು ವಾಪಸಿಡಿ. ಐದು ಹತ್ತು ನಿಮಿಷ ಗಾಳಿಯಲ್ಲಿದ್ದರೆ ಕಲ್ಲಿಗೇನೂ ಆಗುವುದಿಲ್ಲ. ಅಡಿಪಾಯದ ಕಲ್ಲು ತೆಗೆಯಲಾಗದು. ಅದಕ್ಕೆ 12 ಮಿಲಿಮೀಟರ್ ಪೈಪಿನ ತುದಿಗೆ ಟೂತ್‌ಬ್ರಷ್ ಕಟ್ಟಿ, ಉಜ್ಜಿದ ಜಾಗದಿಂದಲೇ ಹೀರುವ ಹಾಗೆ ಮಾಡಿ. ಇನ್ನೊಂದು ತುದಿ ಸಂಪಿನ ಫಿಲ್ಟರ್ ಸಾಕ್ಸಿಗೆ (ಸೋಸುವ ಚೀಲಕ್ಕೆ). ನೀರು ದಂಡವಾಗುವುದಿಲ್ಲ, ಗಂಟೆಗಟ್ಟಲೆ ಕೂತು ಮಾಡಬಹುದು. ಮುಗಿದ ಕೂಡಲೆ ಸಾಕ್ಸ್ ತೆಗೆದು ತೊಳೆಯಿರಿ. ಅದರಲ್ಲೇ ಕೊಳೆಯಲಿಕ್ಕೆ ಬಿಟ್ಟರೆ ಫಾಸ್ಫೇಟ್ ಮತ್ತೆ ನೀರಿಗೇ.

ಹೊರಗೆ ತಂದ ಕಲ್ಲಿಗೆ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಚ್ಚಬಹುದು. ಬೇಕಾದದ್ದು 3 ಶೇಕಡಾ. ಇಲ್ಲಿನ ಔಷಧದಂಗಡಿಗಳಲ್ಲಿ ಸಿಗುವ ಬಾಟಲಿ ಹೆಚ್ಚಾಗಿ 20 ವಾಲ್ಯೂಮ್, ಅಂದರೆ 6 ಶೇಕಡಾ. ಲೇಬಲ್ ಓದಿ, ಅಷ್ಟೇ ಪ್ರಮಾಣದ ಡಿಐ ನೀರು ಬೆರೆಸಿ. ಸಿರಿಂಜಿನಿಂದ ಪಾಚಿಯ ಬುಡಕ್ಕೆ ಮಾತ್ರ ಬಿಟ್ಟು ಎರಡು ಮೂರು ನಿಮಿಷ ಕಾದು, ಬಕೆಟಿನಲ್ಲಿ ಚೆನ್ನಾಗಿ ಅದ್ದಿ ತೊಳೆದು ವಾಪಸಿಡಿ. ಎರಡರಿಂದ ನಾಲ್ಕು ದಿನದಲ್ಲಿ ಬಿಳುಚಿ ಉದುರುತ್ತದೆ. ನಿಮ್ಮಲ್ಲಿ ಕ್ಲೀನರ್ ಶ್ರಿಂಪ್ ಉಂಟಲ್ಲ, ಆ ಜಾತಿಗೆ ಪೆರಾಕ್ಸೈಡ್ ಆಗುವುದಿಲ್ಲ. ಹಾಗಾಗಿ ಟ್ಯಾಂಕಿನ ನೀರಿಗೆ ನೇರ ಹಾಕುವ ಉಪಾಯ ನಿಮಗೆ ಬೇಡ. ತೊಳೆದ ಬಕೆಟಿನ ನೀರನ್ನೂ ವಾಪಸು ಸುರಿಯಬೇಡಿ. ಒಂದು ಸಲಕ್ಕೆ ಕಾಲುಭಾಗ ಕಲ್ಲು, ನಂತರ ವಾರ ಬಿಟ್ಟು.

ಉಪ್ಪುನೀರು_ಉಡುಪಿ

ಇಬ್ಬರಿಗೂ ತುಂಬ ಧನ್ಯವಾದ. ಮೀಟರ್ ತಂದು ಅಳೆದೆ. ಅಡುಗೆಮನೆ ಆರ್‌ಒ ನೀರು 48 ಟಿಡಿಎಸ್! ಡಿಐ ಹಾಕಿಸುತ್ತೇನೆ. ಇನ್ನೆರಡು ಸಂಶಯ. ಮಲ್ಪೆಯಿಂದ ಕಡಲ ನೀರೇ ತಂದು ಬದಲಿಸಿದರೆ ಉಪ್ಪಿನ ಖರ್ಚು ಉಳಿಯುತ್ತದೆ, ಆಗಬಹುದೇ? ಮತ್ತೆ, ಕಿತ್ತದ್ದನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ನೋಡಿದಾಗ ಹೆಚ್ಚಿನದ್ದು ಬರೀ ಎಳೆ, ಆದರೆ ಎರಡು ಕಲ್ಲಿನದ್ದು ಮಾತ್ರ ಕೋಳಿಗರಿಯ ಹಾಗೆ, ನಡುವೆ ದಂಟು ಎರಡೂ ಕಡೆ ಕವಲು. ಅದು ಬೇರೆಯೇ?

ತೆಂಕಗಾಳಿ

ಬಿಳಿ ತಟ್ಟೆಯಲ್ಲಿ ನೋಡಿದ್ದು ಒಳ್ಳೆಯದಾಯಿತು ಮಾರಾಯ್ರೆ, ಬೇರೆಯೇ ಅದು. ಗರಿಯ ಹಾಗಿರುವುದು ಬ್ರಯಾಪ್ಸಿಸ್. ಅದಕ್ಕೆ ಮೇಲಿನ ಉಪಾಯಗಳು ಸಾಲುವುದಿಲ್ಲ. ಕಲ್ಲಿನ ರಂಧ್ರದೊಳಗೆ ಅದರ ಬುಡ ಇಳಿದಿರುತ್ತದೆ, ಪೆರಾಕ್ಸೈಡ್ ಅಲ್ಲಿಗೆ ಮುಟ್ಟುವುದಿಲ್ಲ, ಹದಿನೈದು ದಿನಕ್ಕೆ ಮತ್ತೆ ಚಿಗುರುತ್ತದೆ. ಫಾಸ್ಫೇಟ್ ಇಳಿಸಿದರೂ ಅದು ಜಗ್ಗುವುದಿಲ್ಲ. ಬಸವನಹುಳಗಳೂ ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಅದಕ್ಕೆ ಫ್ಲುಕೊನಜೋಲ್, ಮನುಷ್ಯರ ಶಿಲೀಂಧ್ರದ ಮಾತ್ರೆಯೇ. ಹವ್ಯಾಸಿಗಳು ಬಳಸುವ ಪ್ರಮಾಣ ಲೀಟರಿಗೆ ಸುಮಾರು 5 ಮಿಲಿಗ್ರಾಂ. ನಿಮ್ಮ 180 ಲೀಟರಿಗೆ 900 ಮಿಲಿಗ್ರಾಂ, ಅಂದರೆ 150ರ ಆರು ಮಾತ್ರೆ. ಲೆಕ್ಕ ಹಾಕುವಾಗ ಟ್ಯಾಂಕಿನ ಹೊರ ಅಳತೆ ಹಿಡಿಯಬೇಡಿ, ಕಲ್ಲು ಮರಳು ಕಳೆದು ಇರುವ ನೀರನ್ನೇ ಹಿಡಿಯಿರಿ. ಅಂಗಡಿಯಲ್ಲಿ ವೈದ್ಯರ ಚೀಟಿ ಕೇಳಬಹುದು. ಮಾತ್ರೆ ನೀರಿನಲ್ಲಿ ಸುಲಭದಲ್ಲಿ ಕರಗುವುದಿಲ್ಲ. ನುಣ್ಣಗೆ ಅರೆದು ಒಂದೆರಡು ಲೀಟರ್ ಉಗುರುಬೆಚ್ಚಗಿನ ಡಿಐ ನೀರಿನಲ್ಲಿ ಚೆನ್ನಾಗಿ ಕಲಕಿ, ಪಂಪಿನ ಹರಿವು ಜೋರಿರುವ ಕಡೆ ನಿಧಾನಕ್ಕೆ ಹೊಯ್ಯಿರಿ. ಫಿಲ್ಟರಿನಲ್ಲಿ ಕಾರ್ಬನ್ (ಇದ್ದಿಲು) ಇದ್ದರೆ ಮೊದಲೇ ತೆಗೆದಿಡಿ, ಇಲ್ಲದಿದ್ದರೆ ಔಷಧವೆಲ್ಲ ಅದರ ಪಾಲು. ಯುವಿ ದೀಪ ಇದ್ದರೆ ಆರಿಸಿ. ಸ್ಕಿಮ್ಮರ್ ಗಾಳಿಗೋಸ್ಕರ ಓಡಲಿ, ಕಪ್ ಮಾತ್ರ ತೆಗೆದಿಡಿ. ಸಂಪಿನಲ್ಲಿ ಕೀಟೋ ಪಾಚಿ ಬೆಳೆಸಿದ್ದರೆ ಹೊರಗೆ ತೆಗೆಯಿರಿ, ಅದಕ್ಕೂ ಪೆಟ್ಟಾಗಬಹುದು.

ಹದಿನಾಲ್ಕು ದಿನ ನೀರು ಬದಲಿಸಬಾರದು. ಮೊದಲ ನಾಲ್ಕೈದು ದಿನ ಏನೂ ಆಗಲಿಲ್ಲವೆಂದು ಇನ್ನೊಂದು ಸಲ ಹಾಕುವವರು ಇದ್ದಾರೆ, ಹಾಗೆ ಮಾಡಬೇಡಿ. ವಾರದ ಹೊತ್ತಿಗೆ ಬಣ್ಣ ಮಾಸಿ ಮೆತ್ತಗಾಗುತ್ತದೆ. ಆಗ ಪೈಪಿನಲ್ಲಿ ಹೀರಿ ತೆಗೆಯಿರಿ, ಹೀರಿದ ನೀರು ಸಾಕ್ಸಿನ ಮೂಲಕ ವಾಪಸು ಸಂಪಿಗೇ. ಹದಿನಾಲ್ಕು ದಿನ ಕಳೆದ ಮೇಲೆ 25 ಶೇಕಡಾ ನೀರು ಬದಲು, ಕಾರ್ಬನ್ ವಾಪಸು. ಸಾಯುವ ಪಾಚಿ ರಾತ್ರಿ ನೀರಿನ ಆಮ್ಲಜನಕ ಎಳೆಯುತ್ತದೆ. ಮಳೆಗಾಲದಲ್ಲಿ ಮಾಡುವುದಾದರೆ ಬ್ಯಾಟರಿಯ ಏರ್‌ಪಂಪ್ ಚಾರ್ಜಾಗಿ ಇರಲಿ. ಆಟಿಯ ಗಾಳಿಮಳೆಗೆ ನಡುರಾತ್ರಿ ನಾಲ್ಕು ಗಂಟೆ ಕರೆಂಟ್ ಹೋದರೆ ಬೆಳಿಗ್ಗೆ ಮೀನು ಉಳಿಯುವುದು ಕಷ್ಟ.

ಇನ್ನು ಕಡಲ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಂಗಳೂರಲ್ಲಿ ನೇತ್ರಾವತಿ, ಗುರುಪುರ ನದಿ, ಮಲ್ಪೆಯಲ್ಲಿ ಉದ್ಯಾವರ ಹೊಳೆ, ಎಲ್ಲ ಕೆಂಪು ನೀರು ಹೊತ್ತು ಬಂದು ಸೇರುವ ಕಾಲ. ದಡದ ಹತ್ತಿರ ಉಪ್ಪಿನಂಶ ಬಿದ್ದುಹೋಗುತ್ತದೆ. ಅದಕ್ಕಿಂತ ಮುಖ್ಯ ಸಂಗತಿ, ಆ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಿರುತ್ತದೆ. ಬೂತಾಯಿ, ಬಂಗುಡೆ ನಮ್ಮಲ್ಲಿ ಇಷ್ಟು ಸಿಗುವುದಕ್ಕೆ ಆ ಗೊಬ್ಬರವೇ ಆಧಾರ. ಕಡಲಿಗೆ ಅದು ವರ, ನಿಮ್ಮ ಕಲ್ಲಿನ ಪಾಚಿಗೂ ವರವೇ.

ಜನವರಿಯಿಂದ ಏಪ್ರಿಲ್‌ವರೆಗೆ ತರಬಹುದು. ಬಂದರಿನೊಳಗಿನ ನೀರು ಯಾವ ಕಾಲಕ್ಕೂ ಬೇಡ, ಡೀಸೆಲ್ ಇರುತ್ತದೆ. ದೋಣಿಯಲ್ಲಿ ಅಳಿವೆಯಿಂದ ದೂರ ಹೋಗಿ, ಭರತದ ಹೊತ್ತು ತುಂಬಿಸಿ. 5 ಮೈಕ್ರಾನ್, ಆಮೇಲೆ 1 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ ಗಾಳಿ ಬಿಟ್ಟು ಎರಡು ವಾರ ಇಡಿ. ಬಳಸುವ ದಿನ ಉಪ್ಪು, ಫಾಸ್ಫೇಟ್ ಎರಡೂ ಅಳೆಯಿರಿ. ಇಷ್ಟು ಮಾಡುವ ಬದಲು 180 ಲೀಟರಿನ ಟ್ಯಾಂಕಿಗೆ ಪ್ಯಾಕೆಟ್ ಉಪ್ಪೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಲೀಟರಿಗೆ 36ರಿಂದ 38 ಗ್ರಾಂ ಹಿಡಿಯುತ್ತದೆ. ನಮ್ಮ ಹವೆಗೆ ತೆರೆದ ಪ್ಯಾಕೆಟ್ ತೇವ ಎಳೆದು ಗಟ್ಟಿಯಾಗುತ್ತದೆ, ಆಗ ತೂಕದ ಲೆಕ್ಕ ತಪ್ಪುತ್ತದೆ. ರಿಫ್ರಾಕ್ಟೋಮೀಟರ್ ನೋಡಿಯೇ ಕಲಸಿ. ಅದನ್ನು 35 ಪಿಪಿಟಿ ದ್ರಾವಣದಲ್ಲಿ ಸರಿಹೊಂದಿಸಿ, ಬರೀ ನೀರಿನಲ್ಲಿ ಮಾತ್ರ ಹೊಂದಿಸಿದರೆ ಮೇಲಿನ ಅಂಕಿ ತಪ್ಪಬಹುದು.

ಹೊಸ ಕಲ್ಲು ಬೇಕೆಂದು ಕಡಲಿಂದ ಹವಳದ ಕಲ್ಲು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಪಾಚಿ ತಿನ್ನಲಿಕ್ಕೆಂದು ಬಂಡೆಯಿಂದ ಬಸವನಹುಳ ಹೆಕ್ಕುವುದೂ ಬೇಡ. ಶಂಕುವಿನಾಕಾರದ ಚಿಪ್ಪಿನವು ಚುಚ್ಚಿದರೆ ವಿಷ, ಕೆಲವದಂತೂ ಪ್ರಾಣಕ್ಕೇ ಅಪಾಯ.

ಪಡುಕರೆ

ಬಸವನಹುಳದ ಮಾತು ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಒಂದೂವರೆ ಇಂಚಿನ ಪಾಚಿಯನ್ನು ಯಾವ ಬಸವನಹುಳವೂ ತಿನ್ನುವುದಿಲ್ಲ. ಕಿತ್ತು ಗಿಡ್ಡ ಮಾಡಿದ ಮೇಲೆ ಬಿಡಬೇಕು. ಟ್ರೋಕಸ್ ಆರಿಸಿ, ಬೋರಲು ಬಿದ್ದರೂ ತಾನೇ ತಿರುಗಿ ಏಳುತ್ತದೆ. ಈಗಿರುವ ಐದರ ಮೇಲೆ ಇನ್ನು ನಾಲ್ಕು ಸಾಕು. ಹೆಚ್ಚು ತಂದರೆ ಪಾಚಿ ಮುಗಿದ ಮೇಲೆ ಹಸಿದು ಸಾಯುತ್ತವೆ, ಸತ್ತದ್ದೇ ಮತ್ತೆ ಫಾಸ್ಫೇಟ್. ಹನಿಹನಿಯಾಗಿ ಒಂದು ಗಂಟೆ ನೀರು ಹೊಂದಿಸಿಯೇ ಬಿಡಿ. ಒಂದು ಕಡಲಮುಳ್ಳಿ (ಸೀ ಅರ್ಚಿನ್) ಇದ್ದರೆ ಇನ್ನೂ ವಾಸಿ, ಆದರೆ ಅಂಟಿಸದ ಹವಳವನ್ನು ಬೆನ್ನ ಮೇಲೆ ಹೊತ್ತು ಓಡಾಡುತ್ತದೆ. ಟ್ಯಾಂಗ್ ಮೀನು ತರಲಿಕ್ಕೆ ಮೂರು ಅಡಿ ಸಾಲದು.

ಬೆಳಕು 10 ಗಂಟೆಯಿಂದ 7ಕ್ಕೆ ಇಳಿಸಿ, ಬಿಳಿ ಮತ್ತು ಕೆಂಪು ಕಡಿಮೆ ಮಾಡಿ ನೀಲಿ ಇರಲಿ. ಆಹಾರಕ್ಕೆ ಸಿಗಡಿ ಹಾಕುವುದಿದ್ದರೆ ಮಾರ್ಕೆಟಿನ ತಾಜಾ ಸಿಗಡಿ ತಂದು ನೀವೇ ಸುಲಿದು, ಡಿಐ ನೀರಲ್ಲಿ ತೊಳೆದು, ಜರಡಿಯಲ್ಲಿ ಬಸಿದು ಹಾಕಿ. ಸುಲಿದು ಹೆಪ್ಪುಗಟ್ಟಿಸಿದ ಪ್ಯಾಕೆಟ್ ಸಿಗಡಿಗೆ ತೇವ ಹಿಡಿದಿಡಲಿಕ್ಕೆ ಫಾಸ್ಫೇಟ್ ಉಪ್ಪು ಸೇರಿಸುವ ಕ್ರಮ ಉಂಟು.

ಕಲ್ಲುಹೂವು

ಒಂದು ಎಚ್ಚರಿಕೆ ಬಾಕಿ. ಇಷ್ಟೆಲ್ಲ ಒಟ್ಟಿಗೆ ಮಾಡಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಬೇಡಿ. ಹಸಿರು ಪಾಚಿ ಹೋದ ಜಾಗಕ್ಕೆ ಡೈನೋ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ) ಬರಬಹುದು. ಕಂದು ಲೋಳೆ, ತುದಿಯಲ್ಲಿ ಗಾಳಿಗುಳ್ಳೆ, ಬೆಳಕು ಆರಿದ ಮೇಲೆ ಕಡಿಮೆಯಾಗಿ ಮಧ್ಯಾಹ್ನಕ್ಕೆ ಮತ್ತೆ ಹಾಜರ್. ಅದರ ಕಾಟ ಈ ಹಸಿರಿಗಿಂತ ಹೆಚ್ಚು, ಕೆಲವು ಜಾತಿ ಬಸವನಹುಳಗಳನ್ನೇ ಕೊಲ್ಲುತ್ತವೆ. ಸಂಶಯ ಬಂದರೆ ಲೋಳೆಯನ್ನು ಬಾಟಲಿಯಲ್ಲಿ ನೀರಿನೊಂದಿಗೆ ಜೋರಾಗಿ ಕುಲುಕಿ, ಕಾಫಿ ಸೋಸುವ ಪೇಪರಿನಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಡಿ. ಮತ್ತೆ ಎಳೆ ಎಳೆಯಾಗಿ ಕೂಡಿಕೊಂಡರೆ ಡೈನೋ.

ನೈಟ್ರೇಟ್ 5ರ ಆಸುಪಾಸು, ಫಾಸ್ಫೇಟ್ 0.03ರಿಂದ 0.1ರ ಒಳಗೆ ಇರಲಿ. ಪಾಚಿ ಕಿತ್ತ ವಾರದಲ್ಲಿ ಫಾಸ್ಫೇಟ್ ಏರಿದರೆ ಹೆದರಬೇಡಿ, ಉಣ್ಣುವವರು ಹೋದದ್ದರಿಂದ ಈಗಷ್ಟೇ ಮೀಟರಿಗೆ ಕಾಣುತ್ತಿದೆ. 0.1 ದಾಟಿದರೆ ಮಾತ್ರ ಜಿಎಫ್‌ಒ ಸ್ವಲ್ಪ ಹೆಚ್ಚಿಸಿ. ಮತ್ತೆ ಫ್ಲುಕೊನಜೋಲಿನ ಹದಿನಾಲ್ಕು ದಿನ ಮತ್ತು ಕಲ್ಲಿಗೆ ಪೆರಾಕ್ಸೈಡ್ ಹಚ್ಚುವುದು ಒಂದೇ ವಾರ ಬೇಡ. ಡಿಐ ಮೊದಲು, ಕೈಯಿಂದ ಕೀಳುವುದು ಆಮೇಲೆ, ಒಂದು ತಿಂಗಳು ಹೀಗೆ ಹೋಗಲಿ. ಆ ಎರಡು ಗರಿಪಾಚಿಯ ಕಲ್ಲುಗಳನ್ನು ಮಾತ್ರ ಈಗಲೇ ಬೇರೆ ಬಕೆಟಿಗೆ ತೆಗೆಯಲಿಕ್ಕಾದರೆ ತೆಗೆದುಬಿಡಿ. ಬೇರೆ ಕಲ್ಲಿಗೆ ಹಬ್ಬದಿದ್ದರೆ ಔಷಧವನ್ನು ಆ 10 ಲೀಟರ್ ಬಕೆಟಿಗೇ ಕೊಟ್ಟರಾಯಿತು, 150ರ ಮಾತ್ರೆಯ ಮೂರನೇ ಒಂದು ಭಾಗ ಸಾಕು.